ಬಲಗಣ್ಣಿಗೆ ಬಾಗಿ ಕಂಡ ಗೆರೆ

ಭದ್ರಾವತಿಯ ನಿವೃತ್ತ ಕಾರ್ಮಿಕರ ಸಂಘವೊಂದರ ಕಾರ್ಯದರ್ಶಿ ನಮ್ಮ ಸ್ಟುಡಿಯೋಗೆ ಬಂದಾಗ ನಾನು ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನು ಕತ್ತರಿಸುತ್ತ ಕೂತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶಿವಮೊಗ್ಗದ ಕೋಟೆಯ ಹತ್ತಿರದ ಆ ಸಣ್ಣ ಅಂಗಡಿಯಲ್ಲಿ ಮುಂದೆ ಕೌಂಟರು, ನಡುವೆ ಪರದೆ ಇಳಿಬಿಟ್ಟ ಸ್ಟುಡಿಯೋ, ಹಿಂದೆ ಡಾರ್ಕ್‌ರೂಮ್. ಮದುವೆಯ ಫಿಲ್ಮುಗಳೆಲ್ಲ ಆಗಲೇ ಕಲರ್ ಲ್ಯಾಬಿನ ದಾರಿ ಹಿಡಿದಿದ್ದವು. ಡಾರ್ಕ್‌ರೂಮಿನ ಕೆಂಪು ದೀಪ ಉರಿಯುತ್ತಿದ್ದುದು ಬಹುಪಾಲು ನನ್ನ ಸಂತೋಷಕ್ಕೆ.

ಕಾರ್ಯದರ್ಶಿ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಎತ್ತರದ ಆಳು, ದೊಡ್ಡ ದನಿ. ಸ್ಟೂಲು ಎಳೆದುಕೊಂಡು ಕೂತವರೇ ವಿಷಯಕ್ಕೆ ಬಂದರು.

"ಎಕ್ಸಿಬಿಷನ್‌ನಲ್ಲಿ ಗಾಜನೂರು ಚಾನಲ್ ಫೋಟೋ ಒಂದಿತ್ತಲ್ಲ, ಅದು ನಿಮ್ದೇನಾ?"

"ಹೌದು."

"ಅದೇ ಥರ ನಮ್ಮೂರನ್ನ ತೆಗೀಬೇಕು ಸಾರ್. ಸಂಘಕ್ಕೆ ಸ್ವಂತ ಹಾಲ್ ಕಟ್ಟಿದೀವಿ. ಗೋಡೆ ತುಂಬ ದೊಡ್ಡ ದೊಡ್ಡ ಫೋಟೋ ಹಾಕ್ಬೇಕು ಅಂತ ಮೀಟಿಂಗಲ್ಲಿ ಆಗಿದೆ. ಬ್ಲ್ಯಾಕ್ ಅಂಡ್ ವೈಟೇ ಬೇಕು. ಕಲರ್ ಆದ್ರೆ ಸ್ವಲ್ಪ ವರ್ಷಕ್ಕೆಲ್ಲ ಕೆಂಪಗಾಗಿಬಿಡುತ್ತೆ."

ಅವರು ಹೇಳಿದ ಚಾನಲ್ ಫೋಟೋ ನನಗೂ ಹೆಮ್ಮೆಯದು. ನೀರಿನ ಎರಡು ದಡಗಳು ಚೌಕಟ್ಟಿನ ಎರಡು ಮೂಲೆಗಳಿಂದ ಹೊರಟು ದೂರದಲ್ಲಿ ಒಂದು ಬಿಂದುವಿನಲ್ಲಿ ಸೇರುವ ಚಿತ್ರ. ಅದರಲ್ಲಿ ಬೇರೆ ಏನೂ ಇಲ್ಲ. ನಾನು ಫೋಟೋ ನೋಡುತ್ತಿದ್ದುದೇ ಹಾಗೆ. ಮೊದಲು ಕಾಣುವುದು ವಸ್ತುವಲ್ಲ, ಗೆರೆ. ಅಡ್ಡ ಗೆರೆ ಚಿತ್ರವನ್ನು ಮಲಗಿಸುತ್ತದೆ, ಉದ್ದ ಗೆರೆ ನಿಲ್ಲಿಸುತ್ತದೆ, ಓರೆ ಗೆರೆ ನಡೆಸುತ್ತದೆ. ನೋಡುವವನ ಕಣ್ಣು ಯಾವ ಮೂಲೆಯಿಂದ ಒಳಗೆ ಬರಬೇಕು, ಎಲ್ಲಿ ಹೋಗಿ ನಿಲ್ಲಬೇಕು ಎನ್ನುವುದನ್ನು ಗೆರೆ ಹೇಳಿಬಿಟ್ಟರೆ ಫೋಟೋಗ್ರಾಫರನ ಮುಕ್ಕಾಲು ಕೆಲಸ ಮುಗಿದಂತೆ ಎಂದು ನಂಬಿದ್ದೆ. ಭದ್ರಾವತಿಯಲ್ಲಿ ಗೆರೆಗಳಿಗೇನು ಬರ? ರೈಲು ಹಳಿ, ಚಿಮಣಿ, ಹೊಳೆಯ ಮೇಲಿನ ಸೇತುವೆ, ಒಂದರ ಬೆನ್ನಿಗೆ ಒಂದು ಅಂಟಿಕೊಂಡಿರುವ ಕ್ವಾರ್ಟರ್ಸ್ ಸಾಲು. ಒಪ್ಪಿಕೊಂಡೆ.

ಮಾರನೆಯ ವಾರ ಕ್ಯಾಮೆರಾ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ. ಮೊದಲು ಸ್ಟೇಷನ್ನು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಮಂಡಿಯೂರಿ ಹಳಿಗಳು ಕೆಳಗಿನ ಅಂಚಿನಿಂದ ಮೇಲಕ್ಕೆ ಕೂಡುತ್ತ ಹೋಗುವಂತೆ ಚೌಕಟ್ಟು ಕಟ್ಟಿದೆ. ಆಮೇಲೆ ಸೇತುವೆ, ಕಾರ್ಖಾನೆಯ ಚಿಮಣಿ. ಅಲ್ಲಿಂದ ಕ್ವಾರ್ಟರ್ಸಿಗೆ ಹೋದಾಗ ಬಿಸಿಲು ಇನ್ನೂ ಓರೆಯಾಗಿಯೇ ಇತ್ತು. ತಗ್ಗು ಸೂರಿನ ಮನೆಗಳು, ಉದ್ದಕ್ಕೂ ಒಂದೇ ಜಗಲಿ, ಜಗಲಿಗೆ ಒಂದೇ ಅಳತೆಯ ಕಂಬಗಳು, ಮುಂದೆ ಒಂದೇ ಚರಂಡಿ. ಸೂರಿನ ಅಂಚು, ಕಂಬಗಳ ಬುಡ, ಚರಂಡಿಯ ಕಲ್ಲು, ಎಲ್ಲವೂ ಒಂದೇ ಕಡೆಗೆ ಓಡುತ್ತಿದ್ದವು. ಜಗಲಿಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದ ಹೆಂಗಸರನ್ನು ಸ್ವಲ್ಪ ಹೊತ್ತು ಒಳಗೆ ಹೋಗಲು ಕೇಳಿಕೊಂಡೆ. ಅವರು ಮೊರ ಎತ್ತಿಕೊಂಡು ಎದ್ದರು. ಸಾಲು ಖಾಲಿಯಾಯಿತು.

ಅವತ್ತು ಫೋಕಸ್ ಮಾಡುವುದು ಏಕೋ ಕಷ್ಟವಾಗುತ್ತಿತ್ತು. ನನ್ನ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯ ನಡುವೆ ಒಂದು ಸಣ್ಣ ವೃತ್ತವಿತ್ತು. ಕಂಬದಂಥ ನೆಟ್ಟಗಿನ ವಸ್ತುವೊಂದನ್ನು ಅದರಲ್ಲಿ ಹಿಡಿದರೆ, ಫೋಕಸ್ ತಪ್ಪಿದ್ದಾಗ ಕಂಬ ಎರಡು ತುಂಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸುತ್ತ ಹೋದಂತೆ ತುಂಡುಗಳು ಹತ್ತಿರ ಸರಿದು ಒಂದಾಗುತ್ತವೆ. ಅವತ್ತು ತುಂಡುಗಳು ಕೂಡುತ್ತಲೇ ಇರಲಿಲ್ಲ. ಕೂಡಿತು ಎನ್ನುವಷ್ಟರಲ್ಲಿ ಮತ್ತೆ ಸೊಟ್ಟ. ಕಿಂಡಿಯ ನಡುವೆ ಒದ್ದೆ ಬೆರಳು ತಗುಲಿದಂಥ ಮಬ್ಬು. ಪಂಚೆಯ ಚುಂಗಿನಿಂದ ಒರೆಸಿದೆ, ಬಾಯಿಂದ ಊದಿ ಮತ್ತೆ ಒರೆಸಿದೆ. ಬಿಸಿಲಿಗೆ ಕಣ್ಣು ಸೋತಿರಬೇಕು ಎಂದುಕೊಂಡು ಅಂದಾಜಿನ ಮೇಲೆ ತೆಗೆದು ಮುಗಿಸಿದೆ.

ಫಿಲ್ಮ್ ತೊಳೆದು ಸಣ್ಣ ಪ್ರಿಂಟುಗಳನ್ನು ಹಾಕಿದೆ. ಇಲ್ಲಿ ನನ್ನ ಕೈಗಳ ವಿಷಯ ಹೇಳಬೇಕು. ಕಾಗದದ ಮೇಲೆ ಚಿತ್ರ ಮೂಡಿಸುವ ಡೆವಲಪರ್ ಪುಡಿಯಲ್ಲಿರುವ ಮೆಟಾಲ್ ಎಂಬ ಪದಾರ್ಥ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ನನಗೂ ಒಗ್ಗಿರಲಿಲ್ಲ. ಬೆರಳ ಸಂದುಗಳು ಕೆಂಪಾಗಿ, ಗುಳ್ಳೆಯೆದ್ದು, ಒಡೆದು ರಕ್ತ ಬರುತ್ತಿತ್ತು. ಇಕ್ಕಳ ಬಳಸಿದೆ, ರಬ್ಬರ್ ಕೈಗವಸು ಹಾಕಿದೆ. ಒಳಗೆ ಬೆವರಿ ಇನ್ನಷ್ಟು ಕೆರಳಿತು. ಚರ್ಮದ ಡಾಕ್ಟರು ಸ್ವಲ್ಪ ದಿನದ ಮಟ್ಟಿಗೆಂದು ಬರೆದುಕೊಟ್ಟ ಮಾತ್ರೆಗಳಿಂದ ಕೈ ಮಂತ್ರ ಹಾಕಿದಂತೆ ವಾಸಿಯಾಗಿತ್ತು. ಆಮೇಲೆ ಕೆರಳಿದಾಗಲೆಲ್ಲ ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ತಂದು ನುಂಗುವುದು ರೂಢಿಯಾಯಿತು. ದಿನಾ ಒಂದು ನುಂಗಿದರೆ ಟ್ರೇಯಲ್ಲಿ ನಿಶ್ಚಿಂತೆಯಾಗಿ ಕೈಯಾಡಿಸಬಹುದಿತ್ತು.

ಪ್ರಿಂಟುಗಳನ್ನು ನೋಡಲು ಕಾರ್ಯದರ್ಶಿ ಬಂದರು. ಕೌಂಟರಿನ ಮೇಲೆ ಹರಡಿದೆ. ಅವರು ಒಂದೊಂದನ್ನೇ ಎತ್ತಿ ಕೈ ಉದ್ದ ಚಾಚಿ ನೋಡಿದರು. ದೊಡ್ಡ ದನಿ ಸಣ್ಣದಾಯಿತು.

"ಸಾರ್, ತಪ್ಪು ತಿಳ್ಕೋಬೇಡಿ. ನಮ್ ಚಿಮಣಿ ಬೀಳೋ ಹಂಗಿದೆಯಲ್ಲ?"

ಚಿಮಣಿ ನಿಜಕ್ಕೂ ವಾಲಿತ್ತು. ಅಷ್ಟೇ ಅಲ್ಲ. ಹಳಿಗಳು ನನ್ನ ಕಾಲ ಬುಡದಲ್ಲಿ ಸ್ಪಷ್ಟವಾಗಿದ್ದು ಮುಂದೆ ಕರಗಿಹೋಗಿದ್ದವು. ಸಾಲುಮನೆಗಳ ಕಂಬಗಳಲ್ಲಿ ಒಂದಾದರೂ ಸ್ಪಷ್ಟವಾಗಿರಲಿಲ್ಲ. ಕೆಂಪು ದೀಪದಲ್ಲಿ ಅದು ನನಗೆ ಕಂಡಿರಲಿಲ್ಲ. ಅಥವಾ ಕಂಡದ್ದನ್ನು ನಾನು ನಂಬಿರಲಿಲ್ಲ.

"ಕ್ಯಾಮೆರಾದಲ್ಲಿ ಏನೋ ತೊಂದ್ರೆ ಇದೆ. ರಿಪೇರಿ ಮಾಡಿಸಿ ಮತ್ತೆ ತೆಗೀತೀನಿ," ಅಂದೆ.

"ತೆಗೀರಿ ಸಾರ್. ಆದ್ರೆ ಓಪನಿಂಗ್ ಡೇಟು ಗೊತ್ತಾಗಿದೆ. ಜ್ಞಾಪಕ ಇರ್ಲಿ."

ಕ್ಯಾಮೆರಾ ಮೆಕ್ಯಾನಿಕ್ಕು ನನ್ನ ಹಳೆಯ ಪರಿಚಯದವನು. ಒಂದು ದಿನ ಇಟ್ಟುಕೊಂಡು ಬಿಚ್ಚಿ, ನೋಡಿ, ಮತ್ತೆ ಜೋಡಿಸಿ ಕೊಟ್ಟ. "ಲೆನ್ಸ್ ಕಣ್ಣಿಟ್ಟು ನೋಡ್ದೆ, ಕನ್ನಡಿ ನೋಡ್ದೆ, ಎಲ್ಲ ಸರಿಯಾಗೇ ಇದೆ ಮಾರಾಯ. ನಾನು ಸುಮ್ನೆ ಏನಾದ್ರೂ ತಿರುಗ್ಸಿದ್ರೆ ಇರೋದೂ ಕೆಡುತ್ತೆ," ಅಂದ.

ನನಗೆ ನಂಬಿಕೆ ಬರಲಿಲ್ಲ. ಸ್ಟುಡಿಯೋದ ಗೋಡೆಗೆ ಹಳೆಯ ಪೇಪರಿನ ಹಾಳೆಗಳನ್ನು ಅಂಟಿಸಿದೆ. ಟ್ರೈಪಾಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಗೋಡೆಗೆ ಎಷ್ಟು ದೂರ ಎಂದು ಟೇಪಿನಿಂದ ಅಳೆದು, ಆ ಅಳತೆಯನ್ನೇ ದೂರದ ಅಂಕಿಗಳಿರುವ ಲೆನ್ಸಿನ ಬಳೆಯ ಮೇಲೆ ಕೂರಿಸಿ ಕೆಲವು ಫೋಟೋ ತೆಗೆದೆ. ಆಮೇಲೆ ಬಳೆಯನ್ನು ಕೆಡಿಸಿ, ಕಿಂಡಿಯಲ್ಲಿ ಕಣ್ಣಿಟ್ಟು, ವೃತ್ತದ ತುಂಡುಗಳನ್ನು ಕೂಡಿಸಿ ಕೆಲವು ತೆಗೆದೆ. ತೊಳೆದು ಭೂತಗನ್ನಡಿಯಲ್ಲಿ ನೋಡಿದರೆ ಅಳೆದು ತೆಗೆದವುಗಳಲ್ಲಿ ಪೇಪರಿನ ಸಣ್ಣಕ್ಷರವೂ ಓದುವಂತಿತ್ತು. ಕಣ್ಣಿಂದ ತೆಗೆದವು ಮಸಿ ಚೆಲ್ಲಿದಂತಿದ್ದವು.

ಹಾಗಿದ್ದೂ ನನಗೆ ಕಣ್ಣಿನ ಮೇಲೆ ಅನುಮಾನ ಬರಲಿಲ್ಲ. ಕಿಂಡಿಯದೇ ದೋಷ ಎಂದುಕೊಂಡೆ. ಆಲ್ಬಮ್ಮಿಗೆ ಫೋಟೋ ಅಂಟಿಸುತ್ತಿದ್ದ ಹೆಂಡತಿಗೆ ಹೇಳಿದಾಗ ಅವಳು, "ಚಿಮಣಿ ವಾಲಿದ್ದು ಯಾಕೆ ಅಂತ ನೋಡ್ಬೇಕಾದ್ರೆ ನೇರಕ್ಕಿರೋದು ಏನಾದ್ರೂ ಒಂದು ನೇತು ಹಾಕಿ ನೋಡಿ," ಅಂದಳು. ತಾನೇ ಎದ್ದು, ಒಂದು ದಪ್ಪ ಕಪ್ಪು ದಾರಕ್ಕೆ ತಕ್ಕಡಿಯ ತೂಕದ ಬಟ್ಟೊಂದನ್ನು ಕಟ್ಟಿ, ಬಿಳಿ ಪರದೆಯ ಮುಂದೆ ತೂಗುಬಿಟ್ಟಳು. ದಾರ ಅಲುಗಾಡಿ ನಿಧಾನಕ್ಕೆ ನಿಂತಿತು.

ಕಿಂಡಿಯಲ್ಲಿ ನೋಡಿದೆ. ದಾರ ಮೇಲಿನಿಂದ ನೆಟ್ಟಗೆ ಇಳಿದು, ನಡುವೆ ಎಡಕ್ಕೆ ಬಾಗಿ, ಕಾಣದ ಕಲ್ಲೊಂದನ್ನು ಸುತ್ತಿ ಹೋಗುವಂತೆ ಹೋಗಿ, ಕೆಳಗೆ ಮತ್ತೆ ನೆಟ್ಟಗಾಗಿತ್ತು.

"ದಾರ ಮುಟ್ತಿದ್ದೀಯಾ?"

"ಇಲ್ವಲ್ಲ. ನಾನು ಇಲ್ಲಿದೀನಿ."

ಕ್ಯಾಮೆರಾವನ್ನು ಸ್ವಲ್ಪ ಮೇಲೆತ್ತಿದೆ. ಬಾಗೂ ಮೇಲೆ ಹೋಯಿತು. ಇಳಿಸಿದೆ. ಬಾಗೂ ಇಳಿಯಿತು. ಕ್ಯಾಮೆರಾವನ್ನು ಪಕ್ಕಕ್ಕಿಟ್ಟು ಬರಿಗಣ್ಣಲ್ಲಿ ನೋಡಿದೆ. ನೆಟ್ಟಗಿತ್ತು. ಎಡಗಣ್ಣು ಮುಚ್ಚಿದೆ. ದಾರ ಬಾಗಿತು. ಬಾಗಿದ ಕಡೆ ಬೂದಿ ಬಣ್ಣದ ಮಚ್ಚೆ. ಬಲಗಣ್ಣು ಮುಚ್ಚಿದೆ. ಮತ್ತೆ ನೆಟ್ಟಗೆ. ತೂಕ ಕಟ್ಟಿದ ದಾರ ಬಾಗಲಾರದು. ಬಾಗಿ ಕಂಡ ಚಿಮಣಿಯನ್ನು ನೆಟ್ಟಗೆ ಮಾಡಲು ಹೋಗಿ ನಾನೇ ಕ್ಯಾಮೆರಾ ವಾಲಿಸಿದ್ದಿರಬೇಕು.

"ಏನಾಯ್ತು ರೀ?"

ಎಡಗಣ್ಣು ಮುಚ್ಚಿಕೊಂಡು ಅವಳ ಮುಖವನ್ನು ನೋಡಿದೆ. ಕಿವಿ ಕಂಡಿತು, ಓಲೆ ಕಂಡಿತು, ಕೂದಲು ಕಂಡಿತು. ನೇರವಾಗಿ ನೋಡುತ್ತಿದ್ದ ಮೂಗು ಬಾಯಿ ಮಬ್ಬಿನಲ್ಲಿ ಸೊಟ್ಟಗಾಗಿ ಅಳಿಸಿಹೋಗಿತ್ತು.

ಮಾರನೆಯ ಬೆಳಿಗ್ಗೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ನಡುವಯಸ್ಸಿನ ಹೆಣ್ಣುಮಗಳು, ಮೆಲುಮಾತು. ಚೌಕುಳಿ ಗೆರೆಗಳಿದ್ದ ಒಂದು ಹಾಳೆ ಕೈಗೆ ಕೊಟ್ಟು ಎಡಗಣ್ಣು ಮುಚ್ಚಿಸಿದರು.

"ನಡುವಿನ ಚುಕ್ಕೆ ಒಂದನ್ನೇ ನೋಡಿ. ಸುತ್ತಲಿನ ಗೆರೆಗಳು ಹೇಗಿವೆ?"

"ಒಳಗಡೆಗೆ ಬಾಗಿವೆ. ಬಟ್ಟೆ ಮಧ್ಯದಲ್ಲಿ ಹಿಡಿದು ಎಳೆದ ಹಾಗೆ."

ಕಣ್ಣಿಗೆ ಔಷಧಿ ಬಿಟ್ಟು, ಪಾಪೆ ಅಗಲವಾದ ಮೇಲೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಕುರ್ಚಿಗೆ ಮರಳಿ, "ಕಣ್ಣಿನ ಹಿಂದಿನ ಪರದೆಯ ಅಡಿಗೆ ನೀರು ಸೇರಿಕೊಂಡಿದೆ. ಸರಿಯಾಗಿ ನಡುಮಧ್ಯದಲ್ಲಿ. ಅದಕ್ಕೇ ನೇರ ನೋಡಿದ್ದೇ ಸೊಟ್ಟ ಕಾಣ್ತಿದೆ. ಏನಾದ್ರೂ ಮಾತ್ರೆ ತಗೋತಿದ್ದೀರಾ?" ಅಂದರು.

ಹೆಂಡತಿ ಪರ್ಸಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಅದನ್ನು ತಿರುಗಿಸಿ ಓದಿದರು. ನನ್ನ ಕೈಗಳನ್ನು ಚಾಚಿಸಿ ನೋಡಿದರು.

"ಎಷ್ಟು ಕಾಲದಿಂದ ನುಂಗ್ತಿದ್ದೀರಿ?"

"ತುಂಬ ಕಾಲ ಆಯ್ತು."

"ಇದು ಸ್ಟೀರಾಯ್ಡ್. ಕಣ್ಣಲ್ಲಿ ಹೀಗೆ ನೀರು ತುಂಬೋದಕ್ಕೆ ಇದೂ ಒಂದು ಕಾರಣ. ನಿಲ್ಲಿಸಲೇಬೇಕು. ಆದರೆ ಒಂದೇ ಸಲ ನಿಲ್ಲಿಸಬೇಡಿ, ನಾನು ಬರೆದುಕೊಟ್ಟ ಹಾಗೆ ಇಳಿಸ್ತಾ ಬನ್ನಿ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ನೀರು ತಾನಾಗಿ ಇಂಗುತ್ತೆ. ಇಂಗದಿದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ."

"ಪೂರ್ತಿ ಸರಿಯಾಗುತ್ತಾ?"

"ಬಹುಶಃ. ಸ್ವಲ್ಪ ಉಳೀಬಹುದು. ಈಗಲೇ ಮಾತು ಕೊಡಕ್ಕಾಗಲ್ಲ." ಚೀಟಿ ಬರೆಯುತ್ತ, "ಮಾತ್ರೆ ನಿಂತರೆ ಕೈ ಮತ್ತೆ ಕೆರಳುತ್ತೆ. ಆ ಕೆಮಿಕಲ್ ಮುಟ್ಟೋದನ್ನೇ ಬಿಡಬೇಕು," ಅಂದರು.

ಪಾಪೆ ಅಗಲವಾಗಿದ್ದ ಕಣ್ಣಿಗೆ ಹೊರಗಿನ ಬೆಳಕು ಚುಚ್ಚುತ್ತಿತ್ತು. ಹೆಂಡತಿ ರಟ್ಟೆ ಹಿಡಿದುಕೊಂಡು ರಸ್ತೆ ದಾಟಿಸಿದಳು. ಮನೆಗೆ ಬಂದು ಊಟಕ್ಕೆ ಕೂತಾಗ ನನಗೆ ತೋಚಿದ್ದನ್ನು ಹೇಳಿದೆ. ಸಂಘದ ಪ್ರಿಂಟುಗಳು ಮುಗಿಯುವವರೆಗೆ ಮಾತ್ರೆ ನುಂಗುತ್ತೇನೆ, ಆಮೇಲೆ ನಿಲ್ಲಿಸುತ್ತೇನೆ.

ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟಳು.

"ಪ್ರಿಂಟು ಮುಗಿಯೋ ಹೊತ್ತಿಗೆ ಕಣ್ಣೂ ಮುಗಿದ್ರೆ?"

"ಬೇರೆಯವರ ಕೈಲಿ ಪ್ರಿಂಟ್ ಹಾಕ್ಸೋದು ನಂಗೆ ಆಗಲ್ಲ ಮಾರಾಯ್ತಿ. ಗೊತ್ತಲ್ಲ ನಿಂಗೆ."

"ಬೇರೆಯವ್ರು ಯಾಕೆ? ನಾನು ಹಾಕ್ತೀನಿ."

"ನೀನಾ?"

"ಬಾಗಿಲ ಹೊರಗೆ ಕೂತು ಇಷ್ಟು ವರ್ಷ ಬ್ರಷ್ ಹಿಡಿದು ಫೋಟೋ ಟಚಿಂಗ್ ಮಾಡಿದೀನಿ, ಆಲ್ಬಮ್ ಕಟ್ಟಿದೀನಿ. ಒಳಗೆ ಬಂದ್ರೆ ಏನಾಗುತ್ತೆ? ನೀವು ಹೇಳಿ, ನಾನು ಮಾಡ್ತೀನಿ. ಆ ಮಾತ್ರೆ ಮಾತ್ರ ಇವತ್ತಿಂದ ನನ್ನ ಕೈಲಿರ್ಲಿ."

ಊಟ ಮುಗಿಸಿದೆ. ಕೈ ತೊಳೆಯುವಾಗ ಬೆರಳುಗಳನ್ನು ನೋಡಿಕೊಂಡೆ. ಡೆವಲಪರಿನಲ್ಲಿ ಬಿಳಿ ಕಾಗದದ ಮೇಲೆ ಗೆರೆ ಮೂಡಿ ಬರುವ ಕ್ಷಣ ಒಂದಿದೆ. ಮೊದಲು ತೆಳು ಬೂದು, ಆಮೇಲೆ ಕಪ್ಪು. ಆ ಕ್ಷಣಕ್ಕಾಗಿಯೇ ನಾನು ಈ ಕೆಲಸಕ್ಕೆ ಬಂದವನು. ಆ ಟ್ರೇಯ ಮುಂದೆ ಇನ್ನು ನಾನಿರುವುದಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಲು ಕಣ್ಣಿನ ಸುದ್ದಿಗಿಂತ ಹೆಚ್ಚು ಹೊತ್ತು ಬೇಕಾಯಿತು. ಸಂಜೆ ಅಂಗಡಿಗೆ ಹೋದವನೇ ಡಾರ್ಕ್‌ರೂಮಿನ ಗೂಟಕ್ಕೆ ನೇತು ಹಾಕಿದ್ದ ನನ್ನ ಕಲೆಗಟ್ಟಿದ ಏಪ್ರನ್ನು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಮೂಸಿ ಮುಖ ಸಿಂಡರಿಸಿದಳು. "ಮೊದ್ಲು ಇದನ್ನ ಒಗೀಬೇಕು," ಅಂದಳು.

ಭದ್ರಾವತಿಗೆ ಹೋಗಿ ಕಾರ್ಯದರ್ಶಿಗೂ ಇದ್ದ ವಿಷಯ ತಿಳಿಸಿದೆ. ಅವರು ಹೊಸ ಹಾಲಿನಲ್ಲಿ ಬಣ್ಣ ಹೊಡೆಸುತ್ತ ನಿಂತಿದ್ದರು. ಖಾಲಿ ಗೋಡೆಯನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದರು.

"ಬೇಜಾರಾಯ್ತು ಸಾರ್. ಹಂಗಾದ್ರೆ... ಬೇರೆ ಯಾರಿಗಾದ್ರೂ ಹೇಳೋಣ್ವಾ? ಕಮಿಟಿಯಲ್ಲಿ ನಾನು ಉತ್ತರ ಕೊಡ್ಬೇಕು. ಅದಕ್ಕೆ ಕೇಳ್ತಿದೀನಿ."

ಹೂಂ ಎಂದರೆ ಎಲ್ಲ ಸಲೀಸಾಗುತ್ತಿತ್ತು. ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಮಲಗಬಹುದಿತ್ತು. ಆದರೆ ಇದನ್ನು ಬಿಟ್ಟರೆ ನಾನು ಮತ್ತೆ ಕ್ಯಾಮೆರಾ ಎತ್ತುವುದಿಲ್ಲ ಎಂದು ಅವರ ಮುಂದೆ ನಿಂತಿದ್ದಾಗಲೇ ಖಚಿತವಾಗಿ ಅನ್ನಿಸಿತು.

"ಎಡಗಣ್ಣು ಚೆನ್ನಾಗಿದೆ. ಒಂದು ಸಲ ತೆಗೆದು ತೋರಿಸ್ತೀನಿ. ನಿಮಗೆ ಸರಿ ಬರ್ಲಿಲ್ಲ ಅಂದ್ರೆ ನಾನೇ ಒಬ್ಬ ಒಳ್ಳೆ ಫೋಟೋಗ್ರಾಫರನ್ನ ಕರ್ಕೊಂಡು ಬರ್ತೀನಿ."

ಅವರು ಬಣ್ಣದವನಿಗೆ ಏನೋ ಕೂಗಿ ಹೇಳಿ, ನನ್ನ ಹೆಗಲ ಮೇಲೆ ಕೈಯಿಟ್ಟರು. "ಒಂದ್ ಸಲ ನೋಡೋಣ. ನಾನೂ ನಿಮ್ ಜೊತೆ ಬರ್ತೀನಿ."

ಎಡಗಣ್ಣಿಗೆ ಕ್ಯಾಮೆರಾ ಒಗ್ಗಿಸುವುದು ಹೇಳಿದಷ್ಟು ಸುಲಭವಲ್ಲ. ಕ್ಯಾಮೆರಾ ಮಾಡಿರುವುದೇ ಬಲಗಣ್ಣಿನವರಿಗೆ. ಎಡಗಣ್ಣು ಕಿಂಡಿಗೆ ಇಟ್ಟರೆ ಮೂಗು ಹಿಂಬದಿಗೆ ಅಪ್ಪಚ್ಚಿಯಾಗುತ್ತದೆ, ಫಿಲ್ಮ್ ಎಳೆಯುವ ಕಡ್ಡಿ ಹಣೆಗೆ ಚುಚ್ಚುತ್ತದೆ. ಕೈಯಲ್ಲಿ ಹಿಡಿದು ತೆಗೆಯುವುದನ್ನು ಬಿಟ್ಟೆ. ಟ್ರೈಪಾಡು, ಗಾರೆ ಕೆಲಸದವರು ಬಳಸುವ ಒಂದು ರಸಮಟ್ಟ, ಒಂದು ಉದ್ದನೆಯ ಬಟ್ಟೆ ಟೇಪು ಜೊತೆಗೆ ಬಂದವು. ಕ್ಯಾಮೆರಾದ ತಲೆಯ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನಡುವೆ ಬರುವವರೆಗೆ ಕಾಲುಗಳನ್ನು ಸರಿಪಡಿಸುವುದು. ಲೆನ್ಸಿನ ದ್ವಾರವನ್ನು ಆದಷ್ಟು ಕಿರಿದು ಮಾಡುವುದು, ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿ ಬರಲಿ ಎಂದು. ಯಾವ ಕಂಬ ಮುಖ್ಯವೋ ಅಲ್ಲಿಗೆ ಟೇಪು ಹಿಡಿದು ಅಳೆಯುವುದು, ಆ ಅಳತೆಯನ್ನು ಲೆನ್ಸಿನ ಮೇಲೆ ಕೂರಿಸುವುದು. ಮೊದಲು ಉಸಿರಾಡಿದಷ್ಟು ಸಲೀಸಾಗಿ ಮಾಡುತ್ತಿದ್ದ ಕೆಲಸ ಈಗ ಗೋಡೆ ಕಟ್ಟಿದ ಹಾಗೆ, ಒಂದು ಕಲ್ಲಾದ ಮೇಲೆ ಇನ್ನೊಂದು.

ಕ್ವಾರ್ಟರ್ಸ್ ಸಾಲಿನಿಂದಲೇ ಶುರುಮಾಡಿದೆ. ಟೇಪಿನ ಆಚೆ ತುದಿ ಹಿಡಿಯಲು ಒಬ್ಬರು ಬೇಕಿತ್ತು. ಕಾರ್ಯದರ್ಶಿ ಹಿಡಿಯಲು ಹೊರಟರು, ಅಷ್ಟರಲ್ಲಿ ಯಾರೋ ಹಳೆಯ ಜೊತೆಗಾರ ಸೈಕಲ್ ನಿಲ್ಲಿಸಿ ಅವರನ್ನು ಮಾತಿಗೆಳೆದ. ಟೇಪಿನ ತುದಿಯನ್ನು ಕಂಬಕ್ಕೆ ಕಟ್ಟಲು ಹೆಣಗುತ್ತಿದ್ದೆ. ಮೂರನೆಯ ಮನೆಯಿಂದ ಒಬ್ಬ ವಯಸ್ಸಾದ ಹೆಂಗಸು ಹೊರಗೆ ಬಂದರು. ಸಣ್ಣ ಶರೀರ, ಮೂಗಿನ ಎರಡೂ ಕಡೆ ಮೂಗುಬೊಟ್ಟು. ಮಾತಿನಲ್ಲಿ ತಮಿಳಿನ ಎಳೆ. ಬಾಗಿಲ ಒಳಗೆ ಹಗ್ಗ ಬಿಗಿದ ಟ್ರಂಕುಗಳೂ ಸುತ್ತಿಟ್ಟ ಹಾಸಿಗೆಯೂ ಕಾಣುತ್ತಿದ್ದವು. ಅವರ ಗಂಡ ಕಾರ್ಖಾನೆಯಲ್ಲಿದ್ದು ತೀರಿಕೊಂಡವರು, ಮನೆ ಖಾಲಿ ಮಾಡುವ ದಿನ ಹತ್ತಿರ ಬಂದಿದೆ ಎಂದು ಕಾರ್ಯದರ್ಶಿ ಆಮೇಲೆ ಹೇಳಿದರು.

"ಅವತ್ತು ಬಂದು ಎಲ್ರೂ ಒಳಗ್ ಹೋಗಿ ಅಂದ್ಯಲ್ಲ ಸಾಮಿ, ಇವತ್ತೂ ಹೋಗ್ಬೇಕಾ?"

"ಇಲ್ಲಮ್ಮ. ಇವತ್ತು ಇದನ್ನ ಒಂದು ನಿಮಿಷ ಹಿಡ್ಕೋಬೇಕಿತ್ತು."

"ಕೊಡು ಇಲ್ಲಿ. ಎಲ್ಲಿ ನಿಲ್ಲೋದು?"

ಸಾಲಿನಲ್ಲಿ ನಾಲ್ಕು ಕಂಬ ದಾಟಿದ ಕಡೆ ತೋರಿಸಿದೆ. ಅವರು ಟೇಪಿನ ತುದಿ ಹಿಡಿದು ಜಗಲಿಯುದ್ದಕ್ಕೂ ನಡೆದುಹೋಗಿ ನಿಂತರು. ನಾನು ಈ ತುದಿಯನ್ನು ಕ್ಯಾಮೆರಾದ ಹತ್ತಿರ ಬಿಗಿ ಹಿಡಿದು ಅಳತೆ ಓದಿದೆ. ಬಳೆ ತಿರುಗಿಸಿದೆ. ರಸಮಟ್ಟ ನೋಡಿದೆ. ಬಲಗಣ್ಣು ಬಿಗಿ ಮುಚ್ಚಿ ಎಡಗಣ್ಣನ್ನು ಕಿಂಡಿಗೆ ಇಟ್ಟೆ.

ಸೂರಿನ ಅಂಚು ಮೇಲಿನಿಂದ ಇಳಿದು ಬರುತ್ತಿತ್ತು. ಜಗಲಿಯ ಅಂಚು ಕೆಳಗಿನಿಂದ ಏರುತ್ತಿತ್ತು. ಚರಂಡಿಯ ಕಲ್ಲುಗಳು ಓರೆಯಾಗಿ ಸರಿಯುತ್ತಿದ್ದವು. ನಡುವೆ ಗಾಳಿಯಲ್ಲಿ ಟೇಪು, ಬಿಳಿಯ ಸಣ್ಣ ಗೆರೆಯಾಗಿ, ಬಿಸಿಲಿಗೆ ಹೊಳೆಯುತ್ತ ಹೋಗಿ ಆ ಹೆಂಗಸಿನ ಮುಷ್ಟಿಯಲ್ಲಿ ನಿಂತಿತ್ತು. ಅವರು ಎರಡೂ ಕೈಯಲ್ಲಿ, ಯಾರೋ ನಂಬಿ ಕೊಟ್ಟ ವಸ್ತುವನ್ನು ಹಿಡಿಯುವಂತೆ ಅದನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದರು. ಇದೇ ಜಾಗದಲ್ಲಿ, ಇದೇ ಸಾಲನ್ನು ನಾನು ಖಾಲಿ ಮಾಡಿಸಿ ತೆಗೆದಿದ್ದೆ. ಅಂದು ಗೆರೆಗಳು ಸೇರಿದ ಕಡೆ ಏನೂ ಇರಲಿಲ್ಲ, ಏನಾದರೂ ಇರಬೇಕು ಎಂದು ನನಗೆ ಅನ್ನಿಸಿಯೂ ಇರಲಿಲ್ಲ.

"ಬಿಡ್ಲಾ ಸಾಮಿ? ಕೈ ನೋಯ್ತದೆ."

"ಬಿಡಬೇಡಿ. ಒಂದೇ ನಿಮಿಷ. ಹಾಗೇ ಇರಿ."

ತೆಗೆದೆ. ಫಿಲ್ಮ್ ಎಳೆದು ಇನ್ನೊಂದು ತೆಗೆದೆ.

ಆಮೇಲಿನ ದಿನಗಳಲ್ಲಿ ಉಳಿದ ಜಾಗಗಳಲ್ಲೂ ಅದೇ ಕ್ರಮ. ಸೇತುವೆಯ ಮೇಲೆ ಸೊಪ್ಪಿನ ಬುಟ್ಟಿ ಇಳಿಸಿ ಒಬ್ಬಳು ಟೇಪು ಹಿಡಿದಳು. ಸ್ಟೇಷನ್ನಿನಲ್ಲಿ ಒಬ್ಬ ಹಮಾಲಿ ಹಿಡಿದ. ಚಿಮಣಿ ಕಾಣುವ ರಸ್ತೆಯಲ್ಲಿ ಕಾರ್ಯದರ್ಶಿಗಳೇ ನೆಟ್ಟಗೆ ಸೆಟೆದು ನಿಂತರು. ಟೇಪನ್ನು ಎಲ್ಲ ಕಡೆ ಚಿತ್ರದಲ್ಲಿ ಉಳಿಸಿಕೊಳ್ಳಲಿಲ್ಲ. ಆದರೆ ಹಿಡಿದು ನಿಂತವರನ್ನು ಪಕ್ಕಕ್ಕೆ ಸರಿಯಿರಿ ಎಂದು ಮತ್ತೆ ಹೇಳಲಿಲ್ಲ.

ಡಾರ್ಕ್‌ರೂಮಿನಲ್ಲಿ ನನ್ನ ಜಾಗ ಈಗ ಮೂಲೆಯ ಸ್ಟೂಲು. ಮಾತ್ರೆ ಇಳಿಯುತ್ತ ಬಂದಂತೆ ಕೈಗಳು ಒಡೆದಿದ್ದವು. ಎಣ್ಣೆ ಸವರಿ ಹಳೆಯ ಪಂಚೆಯ ತುಂಡು ಸುತ್ತಿಕೊಂಡು ಕೂರುತ್ತಿದ್ದೆ. ಹೆಂಡತಿ ನೆಗೆಟಿವನ್ನು ಕಾಗದಕ್ಕೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರಿನ ಮುಂದೆ. ಮೊದಮೊದಲು ನನ್ನ ಬಾಯಿ ಸುಮ್ಮನಿರಲಿಲ್ಲ.

"ಆಕಾಶಕ್ಕೆ ಇನ್ನೂ ಸ್ವಲ್ಪ ಬೆಳಕು ಬೇಕು. ಉಳಿದ ಕಡೆಗೆ ಕೈ ಅಡ್ಡ ಹಿಡಿ. ಅಲುಗಾಡಿಸ್ತಾ ಇರು, ಇಲ್ದಿದ್ರೆ ಅಂಚಲ್ಲಿ ಗೆರೆ ಬೀಳುತ್ತೆ. ಅಲ್ಲಲ್ಲ, ಆ ಕಡೆ..."

"ರೀ, ನೀವು ಹಿಂಗೆ ಮಾತಾಡ್ತಾ ಇದ್ರೆ ನಾನು ಎಣಿಸ್ತಿದ್ದಿದ್ದು ತಪ್ಪಿ ಹೋಗುತ್ತೆ. ಬಾಯಿ ಮುಚ್ಕೊಂಡು ಕೂತ್ಕೊಳಿ. ಕೇಳಿದಾಗ ಹೇಳಿ."

ಕಾಗದ ಹಾಳಾಯಿತು. ಕೆಲವು ಕಪ್ಪಾದವು, ಕೆಲವು ಸಪ್ಪೆಯಾದವು. ಒಮ್ಮೆ ಅವಳು ಇಡೀ ಹಾಳೆಯನ್ನು ಮುದ್ದೆ ಮಾಡಿ ನೆಲಕ್ಕೆಸೆದು ಹೊರಗೆ ಹೋಗಿ ಕೌಂಟರಿನಲ್ಲಿ ಕೂತಳು. ನಾನು ಹಿಂದೆ ಹೋಗಿ ಪಕ್ಕದಲ್ಲಿ ಕೂತೆ. ಆಮೇಲೆ ತಾನೇ ಎದ್ದು ಒಳಗೆ ಹೋದಳು. ಸಾಲುಮನೆಯ ನೆಗೆಟಿವನ್ನು ಕಾಗದಕ್ಕೆ ಬೀಳಿಸಿದ ದಿನ ನಾನು ಟ್ರೇಯಿಂದ ದೂರ, ಗೋಡೆಗೊರಗಿ ನಿಂತಿದ್ದೆ. ಅವಳು ಟ್ರೇಯ ಅಂಚನ್ನು ಎತ್ತಿ ಇಳಿಸುತ್ತಿದ್ದಳು. ಗೆರೆ ಮೂಡುವುದು ನನಗೆ ಕಾಣಲಿಲ್ಲ. ಕೆಂಪು ಬೆಳಕಿನಲ್ಲಿ ಬಗ್ಗಿದ ಅವಳ ಮುಖ ಮಾತ್ರ ಕಂಡಿತು. ಅದು ಮೆಲ್ಲಗೆ ಅರಳಿದ್ದರಿಂದ ಪ್ರಿಂಟು ಸರಿ ಬಂದಿದೆ ಎಂದು ತಿಳಿಯಿತು.

"ಬಂತು ರೀ," ಅಂದಳು.

ಸಣ್ಣ ಪ್ರಿಂಟುಗಳನ್ನು ಕಾರ್ಯದರ್ಶಿಗಳಿಗೆ ತೋರಿಸಿದಾಗ ಅವರು ಚಿಮಣಿಯದನ್ನು ಮೊದಲು ಎತ್ತಿಕೊಂಡರು. "ನಿಂತ್ಕೊಂಡಿದೆ," ಅಂದರು. ಸಾಲುಮನೆಯದನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಈ ಟೇಪು ಯಾಕೆ ಸಾರ್ ಬಿಟ್ರಿ? ಕಮಿಟಿಯವರು ಕೇಳ್ತಾರೆ." ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಟೇಪು ಇಲ್ದಿದ್ರೆ ಆಯಮ್ಮ ಅಲ್ಲಿ ಯಾಕೆ ನಿಂತಿದಾರೆ ಅಂತ ಕೇಳಲ್ವಾ?" ಅಂದಳು. ಅವರು ಮತ್ತೊಮ್ಮೆ ನೋಡಿ, "ಇರ್ಲಿ ಬಿಡಿ, ದೊಡ್ಡದು ಮಾಡಿ," ಅಂದರು.

ಸಮಾರಂಭಕ್ಕೆ ಮೊದಲು ಡಾಕ್ಟರ ಹತ್ತಿರ ಹೋಗಿದ್ದೆ. ನೀರು ಬಹುಮಟ್ಟಿಗೆ ಇಂಗಿತ್ತು. ಬೂದಿ ಮಚ್ಚೆ ತೆಳುವಾಗಿತ್ತು. ಚೌಕುಳಿ ಹಾಳೆಯಲ್ಲಿ ಗೆರೆಗಳು ನೆಟ್ಟಗಾಗಿದ್ದವು, ಚುಕ್ಕೆಯ ಪಕ್ಕದ ಒಂದು ಗೆರೆ ಮಾತ್ರ ಕೊಂಚ ತಗ್ಗಿತ್ತು. "ಅಷ್ಟು ಉಳೀಬಹುದು," ಅಂದರು ಡಾಕ್ಟರು. "ಜೀವನ ನಡೆಸೋಕೆ ತೊಂದ್ರೆ ಇಲ್ಲ." ನನಗೂ ದುಃಖವಾಗಲಿಲ್ಲ. ಅಷ್ಟು ಹೊತ್ತಿಗೆ ಕ್ಯಾಮೆರಾ ಎಡಗಣ್ಣಿನದಾಗಿತ್ತು, ಡಾರ್ಕ್‌ರೂಮು ಹೆಂಡತಿಯದಾಗಿತ್ತು. ಎರಡೂ ಇವತ್ತಿಗೂ ಹಾಗೇ ಇವೆ.

ಹಾಲಿನ ಉದ್ಘಾಟನೆಯ ದಿನ ಭಾಷಣಗಳು ಮುಗಿದ ಮೇಲೆ ಜನ ಗೋಡೆಗಳ ಕಡೆ ಹರಿದರು. ಹೆಸರುಗಳು ಕೇಳಿಬರುತ್ತಿದ್ದವು, ಇವನು ನಮ್ಮ ಮೆಷಿನ್ ಶಾಪಿನವನು, ಇದು ಇಂಥವರ ಮನೆ ಎಂದು. ನಾವಿಬ್ಬರೂ ಕಿಟಕಿಯ ಹತ್ತಿರ ನಿಂತಿದ್ದೆವು. ಜನ ಕರಗುವ ಹೊತ್ತಿಗೆ ಸಾಲುಮನೆಯಲ್ಲಿ ಟೇಪು ಹಿಡಿದಿದ್ದ ಆ ಹೆಂಗಸು ಮಗಳ ಜೊತೆ ಬಂದರು. ಮನೆ ಖಾಲಿ ಮಾಡಿ ಹೊಳೆಹೊನ್ನೂರಿನಲ್ಲಿದ್ದ ಮಗಳ ಮನೆ ಸೇರಿದ್ದರು. ಕಾರ್ಯದರ್ಶಿಗಳು ಹೇಳಿಕಳಿಸಿದ್ದರಂತೆ.

ಮಗಳು ಫೋಟೋ ತೋರಿಸಿ, "ನೋಡಮ್ಮ, ಇಲ್ಲಿದೀಯ ನೀನು," ಅಂದಳು. ಅವರು ತಮ್ಮ ಮುಖದ ಕಡೆ ಸುಮ್ಮನೊಮ್ಮೆ ನೋಡಿದರು. ಟೇಪನ್ನಾಗಲಿ, ಕಂಬಗಳನ್ನಾಗಲಿ ನೋಡಲಿಲ್ಲ. ಹತ್ತಿರ ಸರಿದು, ಗಾಜಿನ ಮೇಲೆ ಬೆರಳಿಟ್ಟು ಮನೆಗಳನ್ನು ಮೆಲ್ಲಗೆ ಎಣಿಸುತ್ತ ಬಂದು ಮೂರನೆಯ ಬಾಗಿಲ ಮೇಲೆ ನಿಲ್ಲಿಸಿದರು. ನಾನೂ ಹೋಗಿ ಬಗ್ಗಿ ನೋಡಿದೆ. ಸಾಲಿನ ಉಳಿದೆಲ್ಲ ಬಾಗಿಲುಗಳು ಮುಚ್ಚಿದ್ದವು. ಆ ಒಂದು ಬಾಗಿಲು ತೆರೆದಿತ್ತು. ಎಷ್ಟೋ ಸಲ ನೆಗೆಟಿವ್ ನೋಡಿದ್ದೆ, ಪ್ರಿಂಟು ನೋಡಿದ್ದೆ. ನನ್ನ ಗಮನಕ್ಕೆ ಬಂದಿರಲಿಲ್ಲ.

"ನೀನು ಹಿಡಿ ಅಂದೆ ಅಂತ ಹಂಗೇ ಹೋಗಿ ನಿಂತೆ ಸಾಮಿ," ಅಂದರು. "ಒಂದು ನಿಮಿಷ ಅಂದ್ಯಲ್ಲ, ಅದಕ್ಕೇ ಬಾಗ್ಲು ಹಾಕ್ಲಿಲ್ಲ."

ಬೆರಳು ಇನ್ನೂ ಗಾಜಿನ ಮೇಲೆಯೇ ಇತ್ತು.

"ಇದ್ರಲ್ಲಿ ನಾನಿನ್ನೂ ಮನೆ ಬಿಟ್ಟಿಲ್ಲ ನೋಡು."